ಹಳೆಯ ಮೀನುಗಾರಿಕೆ ಬೋಟು: ಕೊಳ್ಳುವ ಮುನ್ನ ಪರೀಕ್ಷಿಸುವ ಕ್ರಮ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಅದರ ಹಲ್ಲು ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಸಾಧ್ಯವಾದರೆ ನೊಗಕ್ಕೂ ಕಟ್ಟಿ ನೋಡುತ್ತಾನೆ. ಎತ್ತಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆಯ ಹಳೆಯ ಬೋಟನ್ನು ಕೊಳ್ಳುವಾಗ ಮಾತ್ರ ಅನೇಕರು ಹೊಸ ಬಣ್ಣ ನೋಡಿ, ಎಂಜಿನ್ನಿನ ಸದ್ದು ಕೇಳಿ ಮುಂಗಡ ಕೊಟ್ಟುಬಿಡುತ್ತಾರೆ. ಬಣ್ಣದ ಕೆಳಗಿನ ಹಲಗೆ ಹುಳು ತಿಂದದ್ದೆಂದು ತಿಳಿಯುವ ಹೊತ್ತಿಗೆ ಹಣ ಕೈಬಿಟ್ಟಿರುತ್ತದೆ. ಬೋಟಿನ ದೋಷದಿಂದ ಆಗುವ ನಷ್ಟ ಹಣಕ್ಕೇ ನಿಲ್ಲುವುದಿಲ್ಲ. ದಡದಿಂದ ಹಲವು ಮೈಲಿ ದೂರದಲ್ಲಿ ಹಲಗೆ ಬಿಚ್ಚಿಕೊಂಡರೆ ತಾಂಡೇಲನ ಮತ್ತು ಕಲಾಸಿಗಳ ಜೀವಕ್ಕೇ ಅಪಾಯ. ಆದುದರಿಂದ ಹಳೆಯ ಬೋಟನ್ನು ಕ್ರಮಬದ್ಧವಾಗಿ ಪರೀಕ್ಷಿಸುವ ವಿಧಾನವನ್ನು ಕೊಳ್ಳುವವರೂ, ಅವರಿಗೆ ಸಲಹೆ ನೀಡುವ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅವಶ್ಯಕ.

ಕಾರವಾರ ಮತ್ತು ಅಂಕೋಲಾ ತೀರದ ಹಿನ್ನೆಲೆ

ಉತ್ತರ ಕನ್ನಡ ಜಿಲ್ಲೆಯ ಐದು ಕರಾವಳಿ ತಾಲ್ಲೂಕುಗಳಲ್ಲಿ ಕಾರವಾರ ಮತ್ತು ಅಂಕೋಲಾ ಉತ್ತರದ ತುದಿಯಲ್ಲಿವೆ. ಬೈತಖೋಲ, ಮುದಗಾ, ಬೇಲೆಕೇರಿ, ಹಾರವಾಡ, ಕೇಣಿ, ಬೆಳಂಬಾರ, ಮಂಜಗುಣಿ ಮೊದಲಾದ ಊರುಗಳಲ್ಲಿ ಮೀನುಗಾರಿಕೆಯೇ ಮುಖ್ಯ ಜೀವನೋಪಾಯ. ಸ್ವಲ್ಪ ಗದ್ದೆ, ಹತ್ತಾರು ತೆಂಗಿನ ಮರ ಮತ್ತು ಬೋಟಿನಲ್ಲಿ ಒಂದು ಪಾಲು ಹೀಗೆ ಮೂರನ್ನೂ ನೆಚ್ಚಿಕೊಂಡ ಕುಟುಂಬಗಳೂ ಇಲ್ಲಿವೆ.

ಇಂಡೋ–ನಾರ್ವೇಜಿಯನ್ ಯೋಜನೆಯು 1963ರಲ್ಲಿ ಕಾರವಾರಕ್ಕೆ ವಿಸ್ತರಿಸಿತು. ಆಮೇಲಿನ ವರ್ಷಗಳಲ್ಲಿ ಎಂಜಿನ್ ಅಳವಡಿಸಿದ ಬೋಟುಗಳು ಈ ತೀರದಲ್ಲಿ ಹೆಚ್ಚಿದವು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬಲೆ ಬಂದ ಮೇಲೆ ಊರಿನ ಜನರೆಲ್ಲ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿಯಿತು. ಬೋಟು ಉಳ್ಳವನ ಕೈ ಮೇಲಾಯಿತು. ಹೊಸ ಬೋಟಿನ ಬೆಲೆ ಎಲ್ಲರಿಗೂ ಎಟಕುವಂತಹದಲ್ಲ. ಆದ್ದರಿಂದ ಮೂರು ನಾಲ್ಕು ಜನ ಕೂಡಿ ಮಲ್ಪೆ, ಮಂಗಳೂರು, ಗೋವಾ ಅಥವಾ ನೆರೆಯ ಬಂದರಿನಿಂದ ಹಳೆಯ ಬೋಟನ್ನು ತರುವ ರೂಢಿ ಬೆಳೆಯಿತು. ಈ ರೂಢಿಯಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ನೋಡಿಕೊಂಡ ಹಳೆಯ ಬೋಟು ಇನ್ನೂ ಹಲವು ವರ್ಷ ದುಡಿಯಬಲ್ಲುದು. ಆದರೆ ಅದನ್ನು ನೀರಿನಲ್ಲಿ ತೇಲುತ್ತಿರುವಾಗ ನೋಡಿ ಬೆಲೆ ಕಟ್ಟಬಾರದು. ದಡಕ್ಕೆ ಏರಿಸಿದ ಮೇಲೆ, ಬಣ್ಣ ಬಳಿಯುವ ಮೊದಲು ನೋಡಬೇಕು. ಉಳಿದೆಲ್ಲ ಸಲಹೆಗಳೂ ಇದೊಂದು ನಿಯಮವನ್ನು ಅನುಸರಿಸಿ ಬರುವಂತಹವು.

ಪರೀಕ್ಷೆಗೆ ತಕ್ಕ ಕಾಲ

ಕರ್ನಾಟಕದಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧವಿರುತ್ತದೆ. ಮೇ ಕೊನೆಯಲ್ಲಿ ಮತ್ತು ಜೂನ್ ಮೊದಲ ವಾರದಲ್ಲಿ ಬೋಟುಗಳನ್ನು ದಡಕ್ಕೆ ಎಳೆದು, ಮೇಲೆ ತಾಡಪಾಲು ಅಥವಾ ತೆಂಗಿನ ಮಡಲು ಹೊದಿಸಿ ಇಡುವುದು ರೂಢಿ. ಹಳೆಯ ಬೋಟುಗಳ ಮಾರಾಟದ ಮಾತುಕತೆಯೂ ಆಗಲೇ ಹೆಚ್ಚು.

ಬೋಟನ್ನು ಎಳೆದ ಮೊದಲ ಕೆಲವು ದಿನಗಳೇ ಪರೀಕ್ಷೆಗೆ ಅತ್ಯುತ್ತಮ. ಆಗ ತಳಕ್ಕೆ ಅಂಟಿದ ಚಿಪ್ಪು, ಪಾಚಿ ಹಾಗೆಯೇ ಇರುತ್ತವೆ. ಸಂದುಗಳಲ್ಲಿ ಒಸರುವ ನೀರು ಕಣ್ಣಿಗೆ ಕಾಣುತ್ತದೆ. ಜುಲೈ ಕೊನೆಯ ಹೊತ್ತಿಗೆ ಹಲಗೆ ಕೆರೆದು, ಸಂದಿಗೆ ಹತ್ತಿ ತುಂಬಿ, ಬಣ್ಣ ಬಳಿದಾಗಿರುತ್ತದೆ, ದೋಷಗಳೆಲ್ಲ ಮುಚ್ಚಿಹೋಗಿರುತ್ತವೆ. ಆಗಸ್ಟ್ 1 ಹತ್ತಿರವಾದಂತೆ ಕೊಳ್ಳುವವನ ಅವಸರವೂ ಹೆಚ್ಚುತ್ತದೆ. ಅವಸರದಲ್ಲಿದ್ದವನು ಪರೀಕ್ಷೆ ಮಾಡುವುದಿಲ್ಲ.

ದೊಡ್ಡ ಉಕ್ಕಿನ ಬೋಟುಗಳು ಕೆಲವೊಮ್ಮೆ ಬಂದರಿನ ನೀರಿನಲ್ಲಿಯೇ ಉಳಿಯುತ್ತವೆ. ಅಂತಹ ಬೋಟನ್ನೂ ಸ್ಲಿಪ್‌ವೇ ಮೇಲೆ ಏರಿಸಿಯೇ ನೋಡತಕ್ಕದ್ದು. ಏರಿಸುವ ಖರ್ಚನ್ನು ಯಾರು ಕೊಡಬೇಕೆಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಏರಿಸಲು ಮಾರುವವನು ಒಪ್ಪದಿದ್ದರೆ ಆ ಬೋಟನ್ನು ಬಿಡುವುದೇ ಲೇಸು.

ಬೋಟಿನ ಪೂರ್ವಚರಿತ್ರೆ

ಬೋಟನ್ನು ಮುಟ್ಟುವ ಮೊದಲು ಅದು ಎಲ್ಲಿ, ಯಾವ ಬಲೆಗೆ ದುಡಿಯಿತು ಎಂದು ವಿಚಾರಿಸಬೇಕು. ದೋಷ ಎಲ್ಲಿರಬಹುದೆಂಬುದನ್ನು ಇದರಿಂದಲೇ ಊಹಿಸಬಹುದು.

ಟ್ರಾಲ್ ಬಲೆ ಎಳೆದ ಬೋಟಿನಲ್ಲಿ ಎಂಜಿನ್, ಶಾಫ್ಟ್, ವಿಂಚ್ ಮತ್ತು ಹಿಂಬದಿಯ ಚೌಕಟ್ಟಿನ ಮೇಲೆ ಒತ್ತಡ ಹೆಚ್ಚು ಬಿದ್ದಿರುತ್ತದೆ. ಪರ್ಸೀನ್ ಬೋಟಿನಲ್ಲಿ ಬಲೆ ಎಳೆಯುವ ಪಕ್ಕದ ಅಂಚು, ಅದರ ಕೆಳಗಿನ ಪಕ್ಕೆಲುಬುಗಳು ಮತ್ತು ಬಲೆ ಪೇರಿಸುವ ಡೆಕ್ಕಿನ ಭಾಗ ಸವೆದಿರುತ್ತವೆ. ಕಾಳಿ, ಗಂಗಾವಳಿಯಂತಹ ನದಿಗಳ ಅಳಿವೆಯಲ್ಲಿ ಮರಳುದಿಬ್ಬ ದಾಟಿ ಹೋಗಿಬರುತ್ತಿದ್ದ ಬೋಟಿನ ತಳದ ಬೆನ್ನುಮರ, ಚುಕ್ಕಾಣಿಯ ಕೆಳತುದಿ ಮತ್ತು ಪ್ರೊಪೆಲರ್ ರೆಕ್ಕೆಗಳಿಗೆ ಪೆಟ್ಟು ಬಿದ್ದಿರುವ ಸಂಭವ ಹೆಚ್ಚು. ಯಾವಾಗಲೂ ಉಪ್ಪುನೀರಿನ ಬಂದರಿನಲ್ಲಿಯೇ ನಿಂತ ಮರದ ಬೋಟಿಗೆ ಹುಳುವಿನ ಕಾಟ ಹೆಚ್ಚು.

ಮಾಲಿಕನನ್ನು ಕೇಳಿದಂತೆಯೇ ಅದರಲ್ಲಿ ದುಡಿದ ಕಲಾಸಿಗಳನ್ನೂ ಕೇಳಬೇಕು. "ದಿನಕ್ಕೆ ಎಷ್ಟು ಸಲ ನೀರು ಹೊರಹಾಕುತ್ತಿದ್ದಿರಿ? ಕಳೆದ ವರ್ಷ ಎಷ್ಟು ದಿನ ರಿಪೇರಿಗೆ ನಿಂತಿತ್ತು?" ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರ ಬಹಳ ಉಪಯುಕ್ತ.

ಮರದ ಬೋಟಿನ ಪರೀಕ್ಷೆ

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ದಬ್ಬಣ ಅಥವಾ ಸಣ್ಣ ಸ್ಕ್ರೂಡ್ರೈವರ್, ಚಿಕ್ಕ ಸುತ್ತಿಗೆ, ಕೆರೆಯುವ ಉಳಿ, ಬ್ಯಾಟರಿ, ಗಟ್ಟಿ ದಾರ, ಅಳತೆಪಟ್ಟಿ ಮತ್ತು ಸೀಮೆಸುಣ್ಣ ಸಾಕು. ದೋಷ ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕುತ್ತ ಹೋಗಬೇಕು. ಬೋಟು ಕಟ್ಟುವ ಅನುಭವಿ ಆಚಾರಿಯೊಬ್ಬನನ್ನು ಕೂಲಿ ಕೊಟ್ಟು ಕರೆದೊಯ್ಯುವುದು ಒಳ್ಳೆಯದು. ಅವನು ಮಾರುವವನ ಬೋಟಿನ ಕೆಲಸ ಮಾಡಿದವನಾಗಿರಬಾರದು.

1. ಬೆನ್ನುಮರದ ನೇರ: ಬೋಟಿನ ಮುಂತುದಿಯಿಂದ ಹಿಂತುದಿಯವರೆಗೆ ತಳದ ಬೆನ್ನುಮರದ ಪಕ್ಕದಲ್ಲಿ ದಾರವನ್ನು ಬಿಗಿಯಾಗಿ ಹಿಡಿದು ನೋಡಬೇಕು. ಬೆನ್ನುಮರ ನಡುವೆ ಮೇಲಕ್ಕೆ ಉಬ್ಬಿ ಎರಡೂ ತುದಿ ಕೆಳಗೆ ಬಾಗಿದ್ದರೆ ಬೋಟು "ಬೆನ್ನು ಬಿಟ್ಟಿದೆ" ಎಂದು ತಿಳಿಯಬೇಕು. ಬೋಟಿನ ಕೆಳಗೆ ಇಟ್ಟ ದಿಮ್ಮಿಗಳು ಏರುಪೇರಾಗಿದ್ದರೂ ಇಂತಹ ಬಾಗು ಕಾಣಬಹುದು. ಆದ್ದರಿಂದ ದಿಮ್ಮಿಗಳನ್ನು ಮೊದಲು ಗಮನಿಸಬೇಕು. ನಿಜವಾಗಿಯೂ ಬೆನ್ನು ಬಿಟ್ಟ ಬೋಟಿನಲ್ಲಿ ಶಾಫ್ಟು ನೇರವಾಗಿ ನಿಲ್ಲುವುದಿಲ್ಲ. ಹತ್ತಿ ತುಂಬಿದ ಸಂದುಗಳು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತವೆ.

2. ಬಡಿದು ನೋಡುವುದು: ತಳದ ಹಲಗೆಗಳನ್ನು ಗೇಣಿಗೊಂದು ಕಡೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಗಟ್ಟಿ ಮರ ಠಣ್ ಎನ್ನುತ್ತದೆ. ಕೊಳೆತ ಅಥವಾ ಹುಳು ತಿಂದ ಮರ ಬೊದ್ ಎನ್ನುತ್ತದೆ. ಸದ್ದು ಬದಲಾದ ಕಡೆ ದಬ್ಬಣ ಚುಚ್ಚಬೇಕು. ಹೆಚ್ಚು ಬಲ ಹಾಕದೆ ದಬ್ಬಣ ಒಳಗಿಳಿದರೆ ಆ ಹಲಗೆಯನ್ನು ಬದಲಾಯಿಸಬೇಕೆಂದೇ ಲೆಕ್ಕ ಹಿಡಿಯಬೇಕು.

3. ವಿಶೇಷವಾಗಿ ನೋಡಬೇಕಾದ ಜಾಗಗಳು: ಬೆನ್ನುಮರಕ್ಕೆ ತಾಗಿದ ಮೊದಲ ಹಲಗೆ, ನೀರಿನ ಗೆರೆಯ ಆಸುಪಾಸು, ಶಾಫ್ಟು ಹೊರಬರುವ ಹಿಂಬದಿಯ ಕಂಬ, ಎಂಜಿನ್ ಕೂರಿಸಿದ ದಿಮ್ಮಿಗಳು, ಹಲಗೆಯ ತುದಿಗಳು ಕೂಡುವ ಜಾಗ ಮತ್ತು ಐಸ್ ಹಾಕಿ ಮೀನು ತುಂಬುವ ಖೋಲಿಯ ಅಡಿಭಾಗ. ಕೊನೆಯದನ್ನು ಅನೇಕರು ನೋಡುವುದೇ ಇಲ್ಲ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪುನೀರಿಗಿಂತ ಸಿಹಿನೀರು ಅನುಕೂಲ. ಕರಗಿದ ಐಸಿನ ನೀರು ಮತ್ತು ಡೆಕ್ಕಿನ ಸಂದಿಯಿಂದ ಇಳಿದ ಮಳೆನೀರು ನಿಲ್ಲುವ ಜಾಗದಲ್ಲಿ ಕೊಳೆತ ಒಳಗಿನಿಂದ ಆರಂಭವಾಗುತ್ತದೆ; ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ.

4. ಮೊಳೆ ಮತ್ತು ಬೋಲ್ಟು: ಮೊಳೆಯ ಸುತ್ತ ತುಕ್ಕಿನ ಕಂದು ಕಲೆ ಇಳಿದಿದ್ದರೆ ಮೊಳೆ ಸವೆದಿದೆ ಎಂದರ್ಥ. ಸಂಶಯವಿದ್ದಲ್ಲಿ ಮಾಲಿಕನ ಒಪ್ಪಿಗೆ ಪಡೆದು ಒಂದೆರಡು ಬೋಲ್ಟು ತೆಗೆಸಿ ನೋಡಬೇಕು. ನಡುವೆ ಸವೆದು ತೆಳುವಾದ ಬೋಲ್ಟಿನ ತಲೆ ಮಾತ್ರ ಗಟ್ಟಿಯಾಗಿ ಕಾಣುತ್ತಿರುತ್ತದೆ. ತಳಕ್ಕೆ ತಾಮ್ರದ ತಗಡು ಹೊಡೆದ ಬೋಟಿನಲ್ಲಿ ಕಬ್ಬಿಣದ ಮೊಳೆಗಳಿದ್ದರೆ ಅವು ಬೇಗ ಸವೆಯುತ್ತವೆ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಸೇರಿದಾಗ ಕಬ್ಬಿಣವೇ ಕರಗುವುದು ಇದಕ್ಕೆ ಕಾರಣ.

5. ಬೋಟಿನ ಒಳತಳ: ಒಳಗೆ ಪಕ್ಕೆಲುಬುಗಳ ನಡುವೆ ಹೊಸದಾಗಿ ಸಿಮೆಂಟು ಹಾಕಿದ್ದರೆ ಅದರ ಕೆಳಗೆ ಸೋರಿಕೆ ಇದೆಯೆಂದು ಊಹಿಸಬೇಕು. ಒಂದು ಪಕ್ಕೆಲುಬು ಒಡೆದಿದ್ದರೆ ಅದರ ಅಕ್ಕಪಕ್ಕದವನ್ನೂ ನೋಡಬೇಕು.

ಮರ ಕೊರೆಯುವ ಹುಳು

ಈ ತೀರದ ಮರದ ಬೋಟುಗಳಿಗೆ ದೊಡ್ಡ ಶತ್ರು ಸಮುದ್ರದ ಕೊರೆಹುಳು. ಹುಳುವೆಂದು ಕರೆದರೂ ಇದು ಚಿಪ್ಪುಮೀನಿನ ಜಾತಿಗೆ ಸೇರಿದ ಜೀವಿ. ಮರಿಯಾಗಿದ್ದಾಗ ಗುಂಡುಸೂಜಿಯ ತಲೆಯಷ್ಟು ಚಿಕ್ಕ ತೂತು ಮಾಡಿ ಒಳಹೊಕ್ಕು, ಅನಂತರ ಮರದ ಎಳೆಯ ಉದ್ದಕ್ಕೂ ಕೊರೆಯುತ್ತ ತಾನೂ ಬೆಳೆಯುತ್ತದೆ. ಸುರಂಗದ ಒಳಗೋಡೆಗೆ ಸುಣ್ಣದಂತಹ ಬಿಳಿ ಪದರ ಬಳಿದಿರುತ್ತದೆ. ಆದ್ದರಿಂದ ಹೊರಗಿನಿಂದ ಚೆನ್ನಾಗಿ ಕಾಣುವ ಹಲಗೆ ಒಳಗೆ ಜೇನುಗೂಡಿನಂತೆ ಆಗಿರಬಹುದು. ಇನ್ನೊಂದು ಜಾತಿಯ ಚಿಕ್ಕ ಸಿಗಡಿವರ್ಗದ ಜೀವಿಯು ನೀರಿನ ಗೆರೆಯ ಹತ್ತಿರ ಪೆನ್ಸಿಲ್ ಗಾತ್ರದ ತೂತುಗಳನ್ನು ಕೊರೆಯುತ್ತದೆ. ಇದು ಹೊರಗಿನಿಂದಲೇ ಕಾಣುವುದರಿಂದ ಪತ್ತೆ ಸುಲಭ.

ದಡಕ್ಕೆ ಎಳೆದ ಬೋಟಿನ ಮೇಲ್ಮೈ ಒಣಗಿದ ಮೇಲೂ ಅಲ್ಲಲ್ಲಿ ಚುಕ್ಕೆಯಂತೆ ತೇವ ಒಸರುತ್ತಿದ್ದರೆ ಆ ಜಾಗವನ್ನು ಉಳಿಯಿಂದ ಕೆರೆದು ನೋಡಬೇಕು. ಸಂಶಯ ಉಳಿದರೆ ಒಪ್ಪಿಗೆ ಪಡೆದು 6 ಮಿ.ಮೀ. ಡ್ರಿಲ್ಲಿನಿಂದ ಕೊರೆದು, ಹೊರಬರುವ ಪುಡಿಯನ್ನು ಪರೀಕ್ಷಿಸಬೇಕು. ಪುಡಿಯಲ್ಲಿ ಬಿಳಿ ಸುಣ್ಣದ ಚೂರು ಬಂದರೆ ಹುಳು ಹೊಕ್ಕಿದೆ. ಕೊರೆದ ತೂತಿಗೆ ಮರದ ಬೆಣೆ ಹೊಡೆದು ಮುಚ್ಚಿಕೊಡಬೇಕು.

ಒಂದು ತಪ್ಪು ತಿಳುವಳಿಕೆಯನ್ನು ಇಲ್ಲಿ ಸರಿಪಡಿಸುವುದು ಅಗತ್ಯ. ಮಳೆಗಾಲದಲ್ಲಿ ನದಿಗಳ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ, ಬೋಟನ್ನು ನದಿಯಲ್ಲಿ ನಿಲ್ಲಿಸಿದರೆ ಹುಳು ಸಾಯುತ್ತದೆ ಎಂಬ ಮಾತು ಸರಿಯೇ. ಆದರೆ ಹುಳು ಸತ್ತರೂ ಅದು ಕೊರೆದ ಸುರಂಗ ತುಂಬಿಕೊಳ್ಳುವುದಿಲ್ಲ. "ಹುಳು ಸತ್ತಿದೆ, ಇನ್ನು ಭಯವಿಲ್ಲ" ಎಂದು ಮಾರುವವನು ಹೇಳಿದರೆ ಹಲಗೆಯಲ್ಲಿ ಗಟ್ಟಿ ಮರ ಎಷ್ಟು ಉಳಿದಿದೆ ಎಂದು ಕೇಳಬೇಕು.

ಹಳೆಯ ಮರದ ಮೇಲೆ ಫೈಬರ್ ಹೊದಿಕೆ ಹಾಕಿಸುವುದೂ ಉಂಟು. ಹೊಸ ಮರಕ್ಕೆ ಸರಿಯಾಗಿ ಹಾಕಿದ ಹೊದಿಕೆ ಹುಳುವಿನಿಂದ ರಕ್ಷಣೆ ಕೊಡುತ್ತದೆ. ಆದರೆ ಹುಳು ತಿಂದ ಮರದ ಮೇಲೆ ಹಾಕಿದ ಹೊದಿಕೆ ಗಾಯದ ಮೇಲಿನ ಪಟ್ಟಿ ಮಾತ್ರ. ಹೊದಿಕೆಯನ್ನು ಯಾವಾಗ, ಏಕೆ ಹಾಕಿಸಿದರೆಂದು ವಿಚಾರಿಸಿ, ಅದನ್ನು ಬಡಿದು ನೋಡಬೇಕು. ಮರದಿಂದ ಬಿಟ್ಟುಕೊಂಡ ಕಡೆ ಪೊಳ್ಳು ಸದ್ದು ಬರುತ್ತದೆ.

ಉಕ್ಕಿನ ಮತ್ತು ಫೈಬರ್ ಬೋಟುಗಳು

ಉಕ್ಕಿನ ಬೋಟಿಗೆ ಹುಳುವಿನ ಭಯವಿಲ್ಲ; ತುಕ್ಕಿನ ಭಯವಿದೆ. ತುಕ್ಕು ಹೊರಗಿಗಿಂತ ಒಳಗಿನಿಂದಲೇ ಹೆಚ್ಚು ತಿನ್ನುತ್ತದೆ. ಐಸಿನ ನೀರು, ಮೀನಿನ ರಕ್ತ ನಿಲ್ಲುವ ಖೋಲಿಯ ತಳ, ಎಂಜಿನ್ನಿನ ಕೆಳಗೆ ಎಣ್ಣೆ–ನೀರು ಸೇರುವ ಜಾಗ, ನೀರಿನ ಗೆರೆ ಮತ್ತು ಚುಕ್ಕಾಣಿಯ ಸುತ್ತಮುತ್ತ ಚೂಪು ಸುತ್ತಿಗೆಯಿಂದ ಹೊಡೆದು ನೋಡಬೇಕು. ತಗಡು ತಗ್ಗಿದರೆ ಅಥವಾ ಪದರಪದರವಾಗಿ ಉದುರಿದರೆ ಅದು ತೆಳುವಾಗಿದೆ. ಬೆಲೆ ದೊಡ್ಡದಿದ್ದಾಗ ತಗಡಿನ ದಪ್ಪ ಅಳೆಯುವ ಯಂತ್ರವುಳ್ಳವರನ್ನು ಕರೆಸಿ ಅಳೆಸುವ ಖರ್ಚು ವ್ಯರ್ಥವಲ್ಲ. ಹಳೆಯ ತಗಡಿನ ಮೇಲೆಯೇ ಇನ್ನೊಂದು ತಗಡು ಬೆಸೆದ ತೇಪೆಗಳನ್ನು ಎಣಿಸಿ, ಬರೆದುಕೊಳ್ಳಬೇಕು. ತಳಕ್ಕೆ ಜೋಡಿಸಿದ ಸತುವಿನ ಗಟ್ಟಿಗಳು ಉಕ್ಕಿನ ಬದಲು ತಾವು ಸವೆದು ಬೋಟನ್ನು ಕಾಯುತ್ತವೆ. ಅವು ಪೂರ್ತಿ ಕರಗಿಹೋಗಿದ್ದರೆ ಬಹುಕಾಲ ಬದಲಾಯಿಸಿಲ್ಲವೆಂದೂ, ಅವುಗಳ ಮೇಲೆ ಬಣ್ಣ ಬಳಿದಿದ್ದರೆ ಅವು ಕೆಲಸವನ್ನೇ ಮಾಡಿಲ್ಲವೆಂದೂ ತಿಳಿಯಬೇಕು.

ಔಟ್‌ಬೋರ್ಡ್ ಎಂಜಿನ್ ಕಟ್ಟುವ ಫೈಬರ್ ದೋಣಿಗಳಲ್ಲಿ ಮರಳಿಗೆ ಉಜ್ಜುವ ತಳದ ಪಟ್ಟಿ, ಮುಂತುದಿ ಮತ್ತು ಎಂಜಿನ್ ಕೂರಿಸುವ ಹಿಂಬದಿಯ ಹಲಗೆ ಈ ಮೂರನ್ನು ಮುಖ್ಯವಾಗಿ ನೋಡಬೇಕು. ಹಿಂಬದಿಯ ಫೈಬರಿನ ಒಳಗಿರುವ ಮರ ಕೊಳೆತಿದ್ದರೆ ಎಂಜಿನನ್ನು ಹಿಡಿದು ಅಲ್ಲಾಡಿಸಿದಾಗ ಹಲಗೆಯೂ ಬಾಗುತ್ತದೆ. ಮೈಮೇಲೆ ಬೊಬ್ಬೆಗಳಿದ್ದರೆ ಪದರಗಳ ನಡುವೆ ನೀರು ಸೇರಿದೆ. ಒಂದು ನಾಣ್ಯದಿಂದ ತಟ್ಟುತ್ತ ಹೋದರೆ ಪದರ ಬಿಟ್ಟ ಜಾಗದ ಸದ್ದು ಬೇರೆಯಾಗಿ ಕೇಳುತ್ತದೆ.

ಎಂಜಿನ್ ಮತ್ತು ಶಾಫ್ಟು

ಎಂಜಿನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ಹೋದ ಕೂಡಲೇ ಎಂಜಿನ್ನಿನ ಮೈ ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಚಾಲನೆಯ ತೊಂದರೆ ತಿಳಿಯುವುದಿಲ್ಲ. ಇನ್ನೊಂದು ದಿನ ಬರುವುದಾಗಿ ಹೇಳಿ ಹಿಂದಿರುಗಬೇಕು.

ಹೊಗೆಯ ಬಣ್ಣ ಬಹಳಷ್ಟನ್ನು ತಿಳಿಸುತ್ತದೆ. ಚಾಲೂ ಮಾಡಿದ ಕೂಡಲೇ ಸ್ವಲ್ಪ ಬಿಳಿ ಹೊಗೆ ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಸೇರುತ್ತಿರಬಹುದು ಅಥವಾ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು, ಲೈನರ್ ಸವೆದಿರುತ್ತವೆ. ದಟ್ಟ ಕಪ್ಪು ಹೊಗೆಗೆ ನಾಸಲ್ ದೋಷ, ಗಾಳಿಯ ಕೊರತೆ ಅಥವಾ ಅತಿ ಭಾರ ಕಾರಣ. ಆಯಿಲ್ ಅಳೆಯುವ ಕಡ್ಡಿಯಲ್ಲಿ ಹಾಲಿನ ಕೆನೆಯಂತೆ ಕಂಡರೆ ಆಯಿಲಿನೊಂದಿಗೆ ನೀರು ಬೆರೆತಿದೆ. ಚಾಲೂ ಇರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದರೆ ರಭಸದಿಂದ ಹೊಗೆ ಬರುವ ಎಂಜಿನ್ನಿಗೆ ಪೂರ್ತಿ ಬಿಚ್ಚಿ ಕೆಲಸ ಮಾಡಿಸಬೇಕಾಗುತ್ತದೆ.

ಬೋಟು ದಡದ ಮೇಲಿರುವಾಗ ಪ್ರೊಪೆಲರನ್ನು (ಮೀನುಗಾರರು ಫ್ಯಾನ್ ಎನ್ನುವುದು ಇದನ್ನೇ) ಮೇಲಕ್ಕೂ ಕೆಳಕ್ಕೂ ಎತ್ತಿ ನೋಡಬೇಕು. ಕಣ್ಣಿಗೆ ಎದ್ದು ಕಾಣುವಷ್ಟು ಅಲುಗಾಡಿದರೆ ಶಾಫ್ಟಿನ ಬುಷ್ ಸವೆದಿದೆ. ಪ್ರೊಪೆಲರ್ ರೆಕ್ಕೆಗಳ ಬಿರುಕು, ಬೆಸುಗೆ, ಬಾಗು ಗಮನಿಸಬೇಕು. ಚುಕ್ಕಾಣಿಯನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಎಲ್ಲಿಯಾದರೂ ಬಿಗಿಯುತ್ತದೆಯೇ ನೋಡಬೇಕು.

ನೀರಿನಲ್ಲಿ ಓಡಿಸಿ ನೋಡುವುದು

ದಡದ ಪರೀಕ್ಷೆಯಲ್ಲಿ ತೃಪ್ತಿಯಾದ ಮೇಲೆ, ಹವಾಮಾನ ಮತ್ತು ಕಾನೂನು ಅವಕಾಶ ಕೊಟ್ಟಾಗ, ನೀರಿನ ಪರೀಕ್ಷೆ ನಡೆಯಬೇಕು. ಮಳೆಗಾಲದಲ್ಲಿ ಬೋಟನ್ನು ಸಮುದ್ರಕ್ಕೆ ಒಯ್ಯುವುದು ಸಲ್ಲದು. ಜೂನ್‌ನಲ್ಲಿ ದಡದ ಪರೀಕ್ಷೆ ಮುಗಿಸಿ, ಓಡಾಟದ ಪರೀಕ್ಷೆಯನ್ನು ನಿಷೇಧ ಮುಗಿದ ಮೇಲೆ ಮಾಡಿ, ಅಲ್ಲಿಯವರೆಗೆ ಬೆಲೆಯ ದೊಡ್ಡ ಪಾಲನ್ನು ಉಳಿಸಿಕೊಳ್ಳುವುದು ಉತ್ತಮ ಕ್ರಮ.

ಎರಡು ತಿಂಗಳು ದಡದಲ್ಲಿದ್ದ ಮರ ಒಣಗಿ ಕುಗ್ಗಿರುತ್ತದೆ. ಆದ್ದರಿಂದ ನೀರಿಗಿಳಿಸಿದ ಮೊದಲ ದಿನ ಸ್ವಲ್ಪ ನೀರು ಬರುವುದು ದೋಷವಲ್ಲ. ಎರಡು ಮೂರು ದಿನ ನೆನೆದು ಹಲಗೆ ಹಿಗ್ಗಿದ ಮೇಲೆ ಸಂಜೆ ಒಳಗಿನ ನೀರನ್ನು ಪೂರ್ತಿ ತೆಗೆದು, ಬೆಳಿಗ್ಗೆ ಎಷ್ಟು ಸೇರಿದೆ ಎಂದು ಕೊಡದಿಂದ ಅಳೆಯಬೇಕು. ಆಗಲೂ ನೀರು ಹೆಚ್ಚಾಗಿದ್ದರೆ ಸಂದು ಅಥವಾ ಹಲಗೆಯಲ್ಲಿ ದೋಷವಿದೆ.

ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭದವರೆಗೆ ಹೋಗಿಬಂದರೆ ಪರೀಕ್ಷೆ ಮುಗಿಯಿತೆಂದು ಭಾವಿಸಬಾರದು. ಕನಿಷ್ಠ ಎರಡು ಗಂಟೆ ಕೆಲಸದ ವೇಗದಲ್ಲಿ, ಸಾಧ್ಯವಾದರೆ ಭಾರ ಎಳೆಸಿ ಓಡಿಸಬೇಕು. ಎಂಜಿನ್ ತನಗೆ ನಿಗದಿಯಾದ ಸುತ್ತುಗಳನ್ನು ಮುಟ್ಟುತ್ತದೆಯೇ, ಬಿಸಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆಯೇ, ಹಿಂದಕ್ಕೆ ಓಡುವ ಗೇರು ತಕ್ಷಣ ಹಿಡಿಯುತ್ತದೆಯೇ ಎಂದು ನೋಡಬೇಕು. ಶಾಫ್ಟಿನ ಪ್ಯಾಕಿಂಗ್‌ನಿಂದ ನೀರು ಹನಿಹನಿಯಾಗಿ ಬೀಳುವುದು ಸರಿ. ಧಾರೆಯಾಗಿ ಬೀಳುವುದು ಸರಿಯಲ್ಲ. ಟ್ಯಾಂಕಿಯನ್ನು ಒಂದು ಗುರುತಿನವರೆಗೆ ತುಂಬಿ, ಒಂದು ಗಂಟೆ ಓಡಿಸಿ, ಮತ್ತೆ ಅದೇ ಗುರುತಿಗೆ ತುಂಬಲು ಎಷ್ಟು ಲೀಟರ್ ಬೇಕಾಯಿತೆಂದು ಬರೆದುಕೊಳ್ಳಬೇಕು. ಡೀಸೆಲೇ ದೊಡ್ಡ ಖರ್ಚಾಗಿರುವ ಈ ಉದ್ಯೋಗದಲ್ಲಿ ಬೋಟು ಲಾಭ ತರುವುದೋ ಸಾಲ ತರುವುದೋ ಎಂಬುದನ್ನು ಈ ಒಂದು ಅಂಕಿಯೇ ಬಹಳಮಟ್ಟಿಗೆ ಹೇಳುತ್ತದೆ.

ಬೋಟು ಹೊಯ್ದಾಡುವ ರೀತಿಯನ್ನೂ ಗಮನಿಸಬೇಕು. ಒಂದು ಪಕ್ಕಕ್ಕೆ ವಾಲಿದಾಗ ಚುರುಕಾಗಿ ನೇರವಾಗುವ ಬೋಟು ಒಳ್ಳೆಯದು. ವಾಲಿ, ಅಲ್ಲಿಯೇ ತಡೆದು, ನಿಧಾನವಾಗಿ ಏಳುವ ಬೋಟಿನ ಮೇಲ್ಭಾರ ಹೆಚ್ಚಾಗಿದೆ. ಹಳೆಯ ಮೈಗೆ ಎತ್ತರದ ಕ್ಯಾಬಿನ್, ದೊಡ್ಡ ವಿಂಚ್ ಸೇರಿಸಿದಾಗ ಹೀಗಾಗುತ್ತದೆ. ಡೆಕ್ಕಿನ ಮೇಲೆ ಮೀನು, ಒದ್ದೆ ಬಲೆ ಬಿದ್ದಾಗ ಇಂತಹ ಬೋಟು ಮಗುಚುವ ಅಪಾಯವಿದೆ. ಬೆಲೆ ಎಷ್ಟೇ ಕಡಮೆಯಿದ್ದರೂ ಇದನ್ನು ಕೊಳ್ಳಕೂಡದು.

ಬಲೆ, ವಿಂಚ್ ಮತ್ತು ರಕ್ಷಣಾ ಸಾಮಗ್ರಿ

ಬಲೆಯ ಬೆಲೆಯನ್ನು ಬೋಟಿನ ಬೆಲೆಯೊಂದಿಗೆ ಸೇರಿಸದೆ ಬೇರೆಯಾಗಿ ಕಟ್ಟಬೇಕು. ವಿಂಚಿನ ಬ್ರೇಕು ಭಾರ ಹಿಡಿದು ನಿಲ್ಲಿಸುತ್ತದೆಯೇ, ಉಕ್ಕಿನ ಹಗ್ಗದ ಎಳೆಗಳು ಎಷ್ಟು ಕಡೆ ಕಿತ್ತಿವೆ ಎಂದು ನೋಡಬೇಕು. ಲೈಫ್ ಜಾಕೆಟ್‌ಗಳು ಕಲಾಸಿಗಳ ಸಂಖ್ಯೆಗೆ ಸರಿಯಾಗಿವೆಯೇ, ವಿ.ಎಚ್.ಎಫ್. ರೇಡಿಯೋ, ಜಿ.ಪಿ.ಎಸ್., ದೀಪಗಳು, ಬೆಂಕಿ ನಂದಿಸುವ ಸಾಧನ, ಲಂಗರು ಮತ್ತು ಹಗ್ಗ ಕೆಲಸಕ್ಕೆ ಬರುವಂತಿವೆಯೇ ಪರೀಕ್ಷಿಸಬೇಕು. ಪ್ರಖರ ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದ್ದರಿಂದ "ಜನರೇಟರ್, ಲೈಟ್ ಸಮೇತ" ಎಂದು ಬೆಲೆ ಏರಿಸಿದರೆ ಆ ಸಾಮಾನಿಗೆ ಒಂದು ರೂಪಾಯಿಯನ್ನೂ ಕೊಡಬಾರದು.

ಕಾಗದಪತ್ರಗಳು

ಬೋಟು ಗಟ್ಟಿಯಾಗಿದ್ದು ಕಾಗದ ಸರಿಯಿಲ್ಲದಿದ್ದರೆ ಅದು ದಡದಲ್ಲಿಯೇ ನಿಲ್ಲುತ್ತದೆ. ಕೆಳಗಿನವನ್ನು ಮೂಲ ಪ್ರತಿಯಲ್ಲಿಯೇ ನೋಡತಕ್ಕದ್ದು.

(ಅ) ನೋಂದಣಿ ಪತ್ರ: ಬೋಟಿನ ಮೈಮೇಲೆ ಬರೆದ ಸಂಖ್ಯೆ, ಉದ್ದ–ಅಗಲ, ಎಂಜಿನ್ ಸಂಖ್ಯೆ ಮತ್ತು ಅಶ್ವಶಕ್ತಿ ಪತ್ರದಲ್ಲಿದ್ದಂತೆಯೇ ಇರಬೇಕು. ಎಂಜಿನ್ ಬದಲಾಗಿದ್ದರೆ ಅದು ದಾಖಲಾಗಿರಬೇಕು.

(ಆ) ಮೀನುಗಾರಿಕೆ ಲೈಸೆನ್ಸು: ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986ರಂತೆ ಪಡೆದ ಲೈಸೆನ್ಸು ಯಾವ ಬಗೆಯ ಮೀನುಗಾರಿಕೆಗೆ, ಯಾವ ದಿನಾಂಕದವರೆಗೆ ಇದೆ ಎಂದು ನೋಡಬೇಕು.

(ಇ) ಸಾಲ: ಬ್ಯಾಂಕು, ಸಹಕಾರಿ ಸಂಘಗಳಲ್ಲಿ ಬೋಟನ್ನು ಅಡವಿಟ್ಟಿದ್ದರೆ ಸಾಲ ತೀರಿದ ಪತ್ರ ಬೇಕು. ಐಸ್ ಕಾರ್ಖಾನೆ, ಡೀಸೆಲ್ ಬಂಕ್ ಮತ್ತು ಮೀನು ಖರೀದಿದಾರರಲ್ಲಿ ಬಾಕಿ ಇದೆಯೇ ಎಂದೂ ವಿಚಾರಿಸಬೇಕು.

(ಈ) ಪಾಲುದಾರರು: ಬೋಟು ಪಾಲಿನದಾಗಿದ್ದರೆ ಎಲ್ಲ ಪಾಲುದಾರರ, ಮಾಲಿಕ ತೀರಿಕೊಂಡಿದ್ದರೆ ಎಲ್ಲ ವಾರಸುದಾರರ ಸಹಿ ಬೇಕು.

(ಉ) ವಿಮೆ: ಹಳೆಯ ಮಾಲಿಕನ ವಿಮೆ ತಾನಾಗಿಯೇ ಹೊಸಬನಿಗೆ ಬರುತ್ತದೆಂದು ನಂಬಬಾರದು. ವಿಮಾ ಕಚೇರಿಗೆ ಲಿಖಿತವಾಗಿ ತಿಳಿಸಿ, ತನ್ನ ಹೆಸರಿನಲ್ಲಿ ವಿಮೆ ಆದ ಮೇಲೆಯೇ ಬೋಟನ್ನು ಸಮುದ್ರಕ್ಕೆ ಇಳಿಸಬೇಕು.

(ಊ) ಹೊರರಾಜ್ಯದ ಬೋಟು: ಗೋವಾ, ಮಹಾರಾಷ್ಟ್ರ ಮುಂತಾದೆಡೆಯಿಂದ ತರುವ ಬೋಟನ್ನು ಇಲ್ಲಿ ನೋಂದಾಯಿಸಲು ಸಾಧ್ಯವೇ, ಯಾವ ಪತ್ರಗಳು ಬೇಕು ಎಂಬುದನ್ನು ಹಣ ಕೊಡುವ ಮೊದಲೇ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಬೆಲೆ ಕಟ್ಟುವ ಲೆಕ್ಕ

ಕೇಳಿದ ಬೆಲೆಯಿಂದ ಚೌಕಾಸಿ ಆರಂಭಿಸುವುದು ತಪ್ಪು.
ಅದೇ ಗಾತ್ರದ, ದೋಷವಿಲ್ಲದ ಬೋಟಿನ ಬೆಲೆಯಿಂದ ರಿಪೇರಿಯ ಖರ್ಚು ಕಳೆಯುತ್ತ ಬರಬೇಕು. ಕೆಳಗಿನ ಅಂಕಿಗಳು ಲೆಕ್ಕದ ರೀತಿ ತಿಳಿಯಲೆಂದು ಕೊಟ್ಟವೇ ಹೊರತು ಪೇಟೆಯ ದರಗಳಲ್ಲ.

ದೋಷವಿಲ್ಲದ ಅಂತಹ ಬೋಟಿನ ಬೆಲೆ: ರೂ. 17,00,000
ಹಲಗೆ, ಪಕ್ಕೆಲುಬು ಬದಲಾವಣೆ: ರೂ. 1,80,000
ಎಂಜಿನ್ ಬಿಚ್ಚಿ ಕೆಲಸ: ರೂ. 2,20,000
ಶಾಫ್ಟಿನ ಬುಷ್, ಪ್ರೊಪೆಲರ್: ರೂ. 40,000
ವಿಂಚ್, ಉಕ್ಕಿನ ಹಗ್ಗ: ರೂ. 60,000
ರಕ್ಷಣಾ ಸಾಮಗ್ರಿ, ರೇಡಿಯೋ: ರೂ. 50,000
ವರ್ಗಾವಣೆ, ವಿಮೆ: ರೂ. 30,000
ಪರೀಕ್ಷೆ, ಸ್ಲಿಪ್‌ವೇ ಖರ್ಚು: ರೂ. 20,000
ಒಟ್ಟು ಖರ್ಚು: ರೂ. 6,00,000
ಕಾಣದ ದೋಷಗಳಿಗೆ ಮೀಸಲು: ರೂ. 1,00,000
ಕೊಡಬಹುದಾದ ಗರಿಷ್ಠ ಬೆಲೆ: ರೂ. 10,00,000

ಮಾರುವವನು ಇದೇ ಬೋಟಿಗೆ 14 ಲಕ್ಷ ಕೇಳಿ, ಚೌಕಾಸಿಯ ನಂತರ 13 ಲಕ್ಷಕ್ಕೆ ಇಳಿದನೆನ್ನೋಣ. ಒಂದು ಲಕ್ಷ ಉಳಿಯಿತೆಂದು ಕೊಂಡವರು ಸಂತೋಷಪಟ್ಟರೂ ನಿಜವಾಗಿ ಮೂರು ಲಕ್ಷ ಹೆಚ್ಚು ಕೊಟ್ಟಂತಾಯಿತು. ರಿಪೇರಿ ಆಗಸ್ಟ್ ದಾಟಿದರೆ ನಷ್ಟ ಇನ್ನೂ ಹೆಚ್ಚು. ಮಳೆಗಾಲದ ನಂತರದ ತಿಂಗಳುಗಳೇ ಸಿಗಡಿ, ಬಂಗಡೆ, ತಾರ್ಲಿಯ ಹಂಗಾಮು. ಆ ತಿಂಗಳುಗಳಲ್ಲಿ ಬೋಟು ದಡದಲ್ಲಿ ನಿಂತರೆ ಒತ್ತೆಯಿಟ್ಟ ಬಂಗಾರದ ಬಡ್ಡಿ ಮಾತ್ರ ನಿಲ್ಲದೆ ಓಡುತ್ತಿರುತ್ತದೆ. ಪಾಲನ್ನೇ ನಂಬಿದ ಕಲಾಸಿಗಳ ಮನೆಗಳಿಗೂ ಸಂಪಾದನೆ ಇಲ್ಲದಂತಾಗುತ್ತದೆ.

ಮುಂಗಡ ಕೊಡುವಾಗ ಸಣ್ಣ ಮೊತ್ತ ಕೊಟ್ಟು, ಛಾಪಾ ಕಾಗದದ ಮೇಲೆ ಕರಾರು ಬರೆಸಬೇಕು. ಯಾವ ಸಾಮಾನುಗಳು ಬೋಟಿನೊಂದಿಗೆ ಬರುತ್ತವೆ, ನೀರಿನ ಪರೀಕ್ಷೆ ಯಾವಾಗ, ಅದರಲ್ಲಿ ದೊಡ್ಡ ದೋಷ ಕಂಡರೆ ಮುಂಗಡ ಹಿಂದಿರುಗಿಸುವ ಷರತ್ತು ಮತ್ತು ನೋಂದಣಿ ವರ್ಗವಾದ ಮೇಲೆ ಕೊಡಬೇಕಾದ ಕೊನೆಯ ಕಂತು ಇವೆಲ್ಲ ಅದರಲ್ಲಿರಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಮೇ ಕೊನೆಯ ವಾರದಲ್ಲಿ ಬಂದರಿನಲ್ಲಿಯೇ ಒಂದು ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. ಹುಳು ತಿಂದು ತೆಗೆದುಹಾಕಿದ ಒಂದು ಹಲಗೆಯನ್ನು ಉದ್ದಕ್ಕೆ ಸೀಳಿ ತೋರಿಸಿದರೆ ಹತ್ತು ಭಾಷಣಗಳಿಗಿಂತ ಹೆಚ್ಚು ಪರಿಣಾಮವಾಗುತ್ತದೆ. ಮೇಲೆ ಹೇಳಿದ ಅಂಶಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಮೀನುಗಾರರ ಸಹಕಾರಿ ಸಂಘಗಳಿಗೆ ಕೊಡಬಹುದು. ಹಳೆಯ ಬೋಟಿಗೆ ಸಾಲ ಕೊಡುವ ಸಂಘಗಳು ಪರೀಕ್ಷೆಯ ವರದಿಯನ್ನು ಅರ್ಜಿಯೊಂದಿಗೆ ಕೇಳುವಂತಾದರೆ ಸಾಲಗಾರನಿಗೂ ಸಂಘಕ್ಕೂ ಹಿತ.

ನೆನಪಿಡಬೇಕಾದ ಮುಖ್ಯಾಂಶಗಳು

1. ಬೋಟನ್ನು ದಡಕ್ಕೆ ಏರಿಸಿದ ಕೂಡಲೇ, ಬಣ್ಣ ಬಳಿಯುವ ಮೊದಲು ನೋಡಬೇಕು.
2. ಬಡಿದು, ಚುಚ್ಚಿ, ಕೆರೆದು ನೋಡದೆ ಮರವನ್ನು ನಂಬಬಾರದು. ಹುಳು ಸತ್ತರೂ ಸುರಂಗ ಉಳಿಯುತ್ತದೆ.
3. ಎಂಜಿನನ್ನು ತಣ್ಣಗಿರುವಾಗ ಚಾಲೂ ಮಾಡಿಸಬೇಕು. ಗಂಟೆಗೆ ಎಷ್ಟು ಡೀಸೆಲ್ ಎಂದು ಅಳೆಯಬೇಕು.
4. ವಾಲಿ ತಡವಾಗಿ ಏಳುವ ಬೋಟನ್ನು ಯಾವ ಬೆಲೆಗೂ ಕೊಳ್ಳಬಾರದು.
5. ಮೂಲ ಕಾಗದಪತ್ರ ನೋಡದೆ ಮುಂಗಡ, ನೋಂದಣಿ ವರ್ಗವಾಗದೆ ಪೂರ್ತಿ ಹಣ ಕೊಡಬಾರದು.

ಇವೆಲ್ಲಕ್ಕೂ ಬೇಕಾಗುವುದು ಮೂರು ನಾಲ್ಕು ದಿನಗಳ ತಾಳ್ಮೆ ಮತ್ತು ಸ್ವಲ್ಪ ಖರ್ಚು. ಪರೀಕ್ಷೆ ಮಾಡಿ ಬೋಟನ್ನು ಕೊಳ್ಳದೆ ಬರಿಗೈಯಲ್ಲಿ ಹಿಂದಿರುಗಿದರೂ ಆ ಖರ್ಚು ವ್ಯರ್ಥವಾಯಿತೆಂದು ಭಾವಿಸಬೇಕಾಗಿಲ್ಲ. ಬಣ್ಣದ ಕೆಳಗೆ ಏನಿದೆ ಎಂಬುದನ್ನು ದಡದಲ್ಲಿ ನಿಂತು ತಿಳಿಯುವುದು, ನಡುಸಮುದ್ರದಲ್ಲಿ ತಿಳಿಯುವುದಕ್ಕಿಂತ ಎಂದಿಗೂ ಅಗ್ಗ.